ಶಾಲೆಯ ಗೇಟಿಗೆ ಬಿದ್ದ ಹಿಮ

ಪ್ರತ್ಯಕ್ಷ ಕಂಡರೂ ಫಾರ್ವರ್ಡ್ ಮಾಡಿ ನೋಡು ಅಂತ ಗಾದೆ. ಗಾದೆಯನ್ನು ಕೆಡಿಸಿದವನು ನಾನು. ಕಥೆ ಮಾತ್ರ ಅಪ್ಪಟ ನಿಜ.

ನಾಳೆ ಹಿಮ ಬೀಳುತ್ತದೆಂದರೆ ಜೋರ್ಡಾನಿನ ಅಮ್ಮಾನ್ ನಗರದವರು ಮೊದಲು ಓಡುವುದು ರೊಟ್ಟಿ ಅಂಗಡಿಗೆ. ಆ ಸಂಜೆಯ ಉದ್ದನೆಯ ಸಾಲಿನಲ್ಲಿ ನನ್ನ ಮುಂದೆ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ ನಜಾಹ್ ಮೇಡಂ, ಅಲ್ಲಿಯ ಮಾತಲ್ಲಿ ಸಿತ್ ನಜಾಹ್, ಅವರ ಮುಂದೆ ಅದೇ ಶಾಲೆಯ ಟೀಚರ್ ರುಲಾ. ರುಲಾ ಹಿಂದಕ್ಕೆ ತಿರುಗಿದಳು.

"ಸಿತ್, ಹಿಮ ಬೀಳಲ್ಲ. 'ಶಾಲೆ ಗೇಟಿಗೆ ಆಗಲೇ ಹಿಮ ಬಿದ್ದಿದೆ, ನಾಳೆ ಊರಿಗೆಲ್ಲ' ಅಂತ ಓಡಾಡ್ತಿರೋ ಫೋಟೋ ಹಳೇದು. ಸುದ್ದಿ ನಿಜವೋ ಸುಳ್ಳೋ ಪತ್ತೆ ಮಾಡಿ ಅಂತ ನಾನೇ ಕ್ಲಾಸಿಗೆ ಕಳಿಸಿದ್ದೆ. ಯಾರೋ ಹುಡುಗಿ ಹೊರಗೆ ಬಿಟ್ಟಿದಾಳೆ."

"ನೀನಾ? ಅದನ್ನ ನಂಬಿ ನಾಳೆ ರಜೆ ಅಂತ ಎಲ್ಲಾ ಪೋಷಕರಿಗೂ ಕಳಿಸಿಬಿಟ್ಟಿದೀನಲ್ಲೇ."

"ತಪ್ಪಾಯ್ತು."

"ತಪ್ಪಲ್ಲ, ತಲೆಹರಟೆ. ನಾಳೆ ರಾಜೀನಾಮೆ ತಗೊಂಡು ಬಾ."

"ನಾಳೆ ರಜೆ ಅಂದ್ರಲ್ಲ, ಸಿತ್."

ಸಿತ್ ನಜಾಹ್ ಅವಳನ್ನು ದಿಟ್ಟಿಸಿ ನೋಡಿದರು. ನಾನೂ.

"ಫೋಟೋ ಸರಿಯಾಗಿ ನೋಡಿದ್ರಾ?" ಕೇಳಿದಳು ರುಲಾ.

"ನೋಡದೆ ಕಳಿಸ್ತೀನಾ? ನಮ್ಮ ಗೇಟು, ಪಕ್ಕದಲ್ಲಿ ಹಿಪ್ಪುನೇರಳೆ ಮರ, ಕೊಂಬೆ ತುಂಬಾ ಹಿಮ."

"ಆ ಮರ ಈಗ ಎಲ್ಲಿದೆ?"

ಸಾಲು ಒಂದು ಹೆಜ್ಜೆ ಮುಂದೆ ಹೋಯಿತು. ಸಿತ್ ನಜಾಹ್ ಹೋಗಲಿಲ್ಲ.

"ಹೋದ ವರ್ಷ ನಾನೇ ಕಡಿಸಿದೆ," ಅಂದರು ಮೆಲ್ಲಗೆ. "ಯಾರಾದ್ರೂ ಕಂಡುಹಿಡಿದ್ರಾ?"

"ಜುಮಾನಾ ಒಬ್ಬಳೇ. 'ಸಿತ್ ನಜಾಹ್ ಕಡಿಸಿದ ಮರ ಮತ್ತೆ ಚಿಗುರೋ ಧೈರ್ಯ ಮಾಡಲ್ಲ, ಹಾಗಾಗಿ ಸುದ್ದಿ ಸುಳ್ಳು' ಅಂತ ಬರೆದಿದಾಳೆ."

ಮೊದಲು ಅವರ ಭುಜ ಕುಲುಕಿತು. ಆಮೇಲೆ ಇಡೀ ಸಾಲು ತಿರುಗಿ ನೋಡುವಷ್ಟು ನಕ್ಕರು.

"ರಾಜೀನಾಮೆ ಬೇಡ, ರಜೆನೂ ರದ್ದು. ನಾಳೆ ನಿನ್ನ ಕ್ಲಾಸಲ್ಲಿ ಮುಂದಿನ ಬೆಂಚು ನಂಗಿಟ್ಟಿರು."

ಹಿಮವಿಲ್ಲವೆಂದು ಎಲ್ಲರಿಗೂ ಕೇಳಿಸಿತ್ತು, ಆದರೂ ಸಾಲು ಬಿಟ್ಟವರು ಅವರಿಬ್ಬರೇ. ತಿರುವು ದಾಟಿದ ಮೇಲೂ ಕೇಳುತ್ತಿದ್ದದ್ದು ಸಿತ್ ನಜಾಹ್ ಅವರ ನಗು.