ಅಪ್ಪ ಎತ್ತಿದ ಕಲ್ಲು

ಒಂದೂರು, ಅಲ್ಲೊಬ್ಬ ಜವಳಿ ಸಾಹುಕಾರ. ಗಾದಿಯ ಮೇಲೆ ಕುಳಿತನೆಂದರೆ ಕುಳಿತ. ನೀರಿನ ಲೋಟವೂ ಕೈಗೇ ಬರಬೇಕು. ಇಂಥವನಿಗೂ ಒಂದು ಆಸೆ. ಮೊಮ್ಮಗಳ ಮೊದಲ ಕೂದಲು ತೆಗೆಸುವುದು ಬೆಟ್ಟದ ದೇವರ ಮುಂದೆ. ಕೂಸನ್ನು ಅಜ್ಜನೇ ಹೊತ್ತು ಮೆಟ್ಟಿಲು ಹತ್ತಬೇಕು, ಅದು ಆ ಮನೆತನದ ಪದ್ಧತಿ. ಇವನಿಗೋ, ಸ್ವಂತ ಮನೆಯ ಮಹಡಿ ಹತ್ತಿದರೇ ಏದುಸಿರು!

ಏನು ಮಾಡಲೆಂದು ಕೇಳಲು ಹೋದಾಗ ವೈದ್ಯರು ಹೇಳಿದರು: "ಇನ್ನೂ ನಾಕು ತಿಂಗಳ ಟೈಮ್ ಐತಿ, ಸಾಹುಕಾರ್ರ. ದಿನಾ ಓಣಿ ತುದೀತನಕ ನಡೀರಿ, ಸಾಕು. ಮೈ ಒಗ್ಗಿದಂಗ ಮುಂದ ಹೋಗೂಣು."

ಸಾಕು ಎಂದರೆ ಸಾಕೆನಿಸುತ್ತದೆಯೇ ನಮಗೆ? ಸಾಹುಕಾರನಿಗೆ ಅವಮಾನವಾಯಿತು. ಓಣಿಯ ತುದಿಗೆ ಮುದುಕಿಯರೂ ಹೋಗುತ್ತಾರೆ! ಅವನ ಅಪ್ಪ ಗರಡಿಮನೆಯಲ್ಲಿ ಗುಂಡುಕಲ್ಲು ಎತ್ತಿ ಹೆಸರಾದವನು. ಅಪ್ಪ ಎತ್ತಿದ ಕಲ್ಲು ನನಗೆಷ್ಟರದು ಎಂದುಕೊಂಡ. ನೋಡಿ ನಮ್ಮ ಬುದ್ಧಿ! ಅಪ್ಪ ತುಪ್ಪ ತಿಂದಿದ್ದ, ನನ್ನ ಕೈ ಮೂಸಿ ನೋಡಿ!

ಮರುದಿನವೇ ಹೊಸ ಲಂಗೋಟಿ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ಅವರು ನಡೀರಿ ಅಂದಾರ, ಕಲ್ಲ ಎತ್ರಿ ಅಂದಿಲ್ಲ! ನಿಮ್ಮಪ್ಪಾರು ಸಣ್ಣಾವರಿದ್ದಾಗಿಂದ ಗರಡಿ ಮಣ್ಣಾಗ ಹೊಳ್ಳಾಡಿದವರು. ನೀವು ಗಾದಿ ಮ್ಯಾಲ ಹೊಳ್ಳಾಡಿದವರು."

ಕೇಳಿದನೇ? ಕೇಳಲಿಲ್ಲ. ಗರಡಿಗೆ ಹೋಗಿ, ಮೈಗೆ ಕೆಂಪು ಮಣ್ಣು ಬಳಿದುಕೊಂಡು, ಕಲ್ಲಿಗೆ ಕೈಮುಗಿದು, ಬಗ್ಗಿ ತಬ್ಬಿದ. ಕಲ್ಲು ಅಲುಗಲಿಲ್ಲ, ಸೊಂಟ ಅಲುಗಿತು. ಅವನನ್ನೇ ಎತ್ತಿಕೊಂಡು ಮನೆಗೆ ತಂದರು. ಆಗಲಾದರೂ ಬುದ್ಧಿ ಬಂತೇ? ನೋವು ಇಳಿದೊಡನೆ, ಕಳೆದುಹೋದ ದಿನಗಳನ್ನೆಲ್ಲ ಒಂದೇ ಬೆಳಿಗ್ಗೆ ತುಂಬಿಸುತ್ತೇನೆಂದು ಬಸ್ಕಿ ಹೊಡೆದ. ಮತ್ತೆ ಹಾಸಿಗೆ!

ಆ ದಿನ ಬಂದೇ ಬಂತು. ಬೆಟ್ಟದ ಬುಡದಲ್ಲಿ ಮೊಮ್ಮಗಳು ಎರಡೂ ಕೈ ಚಾಚಿ, "ಅಜ್ಜಾ, ಎತ್ಕೋ" ಎಂದಳು. ಅಜ್ಜ ಕಾರಿನೊಳಗೆ ದಿಂಬಿಗೆ ಒರಗಿದ್ದ. ಬೀಗರು ಕೂಸನ್ನೆತ್ತಿಕೊಂಡು ಮೆಟ್ಟಿಲು ಹತ್ತಿದರು. ಇವನು ಮುಖ ಆಚೆ ತಿರುಗಿಸಿ ಅತ್ತ.

ನಗುತ್ತೀರಾ? ಯುಗಾದಿಗೆ ಹೊಸ ಬೂಟು ತಂದವರು ಯಾರು? ಮೊದಲ ದಿನವೇ ಮೈದಾನ ಸುತ್ತಿ ಸುತ್ತಿ ಓಡಿ, ಮರುದಿನ ಮುಲಾಮು ಹಚ್ಚಿಸಿಕೊಂಡು, ವ್ಯಾಯಾಮ ನಮ್ಮ ಮೈಗೆ ಆಗಿಬರುವುದಿಲ್ಲ ಎಂದವರು ಯಾರು? ಹೇಳಿ ಹೇಳಿ ನನಗೂ ಸಾಕಾಗಿದೆ!

ಅಂಬೆಗಾಲಿಡುವ ಮಗು ಎದ್ದು ನಿಲ್ಲಲು ಹೋಗಿ ಬಿದ್ದರೆ ಬೈಯುತ್ತೀರಾ? ಇಲ್ಲ, ಮುದ್ದು ಮಾಡಿ ಮತ್ತೆ ನಿಲ್ಲಿಸುತ್ತೀರಿ. ಆ ತಾಳ್ಮೆ ನಿಮ್ಮ ಮೈಯ ಮೇಲೆ ಯಾಕಿಲ್ಲ? ನಾಳೆ ಎದ್ದು ಓಣಿಯ ತುದಿಗೆ ಹೋಗಿ ಬನ್ನಿ. ಉಸಿರು ಸಿಕ್ಕಿಕೊಂಡರೆ ನಿಲ್ಲಿ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಓಡಬೇಡಿ; ಅಷ್ಟೇ ದೂರ ನಡೆಯಿರಿ. ಅಪ್ಪನ ಕಲ್ಲು ಗರಡಿಯಲ್ಲೇ ಇರಲಿ. ನೀವು ಎತ್ತಬೇಕಾದ ಕೂಸು ಮನೆಯಲ್ಲಿದೆ.