ತುಂಗಾ ವೇಫರ್ಸಿನ ನಾಲಿಗೆ

ಅಲ್ಲ ವೈನಿ, ಹನ್ನೆರಡು ವರ್ಷ ನಮ್ಮ ಕಡಾಯಿ ಮುಂದ ನಿಂತಾನ ಅಂದ್ರ ಅಂವ ಕಳ್ಳ ಆಗಂಗೇ ಇಲ್ಲೇನು? ಹಂಗ ಪಾಪ ಅನ್ನೋಹಂಗ ಮಾರಿ ಮಾಡಬ್ಯಾಡ್ರಿ. ಆ ಅಭಿಜಿತ್ ಅಷ್ಟು ಸರಳ ಮನಶ್ಯಾ ಅಲ್ಲ! ಏರ್‌ಪೋರ್ಟ್ ಬಾಜೂ ಮಿಹಾನ್‌ದಾಗಿನ ಆಫೀಸ್ ಕ್ಯಾಂಟೀನಿಂದ ನಲವತ್ತು ಡಬ್ಬಿ ವೇಫರ್ಸ್ ವಾಪಸ್ ಬಂದಾವ. ನಲವತ್ತು! ಕೆಲವುದರಾಗ ಉಪ್ಪು ಬಾಯಿಗೆ ಹಾಕ್ಕೊಳ್ಳಂಗಿಲ್ಲ, ಕೆಲವುದರಾಗ ಉಪ್ಪೇ ಇಲ್ಲ ಅಂತ. ಉಪ್ಪು ಉದುರಸಾಂವ ಯಾರು? ಅಂವನ. ಮತ್ತ?

ಈ ಚೀಟಿಗೆ ಒಂದು ಸಹಿ ಹಾಕ್ರಿ, ಜಲ್ದಿ. ಕಾರಖಾನಿ ನಿಮ್ಮ ಹೆಸರಿಲೆ ಅದ, ಅವನ್ನ ಕೆಲಸದಿಂದ ತಗೀಬೇಕಂದ್ರ ನಿಮ್ಮ ಸಹಿನ ಬೇಕು. ತಗೋರಿ ಪೆನ್ನು.

...ಇದೇನು, ಎರಡು ಪ್ಲೇಟು ವೇಫರ್ಸ್? ನಾ ಏನು ತಿನ್ನಲಿಕ್ಕೆ ಬಂದೀನೇನು? ಇರ್ಲಿ, ಇಡ್ರಿ ಅಲ್ಲೆ.

ನಿಮಗ ನೆನಪದ ಅಲ್ಲ? ಅಣ್ಣ ಬ್ಯಾಂಕಿನ ನೌಕರಿ ಬಿಟ್ಟು ಇದ ಪಡಸಾಲ್ಯಾಗ ಸ್ಟೋವ್ ಹಚ್ಚಿದಾಗ ಓಣಿ ಮಂದಿ ಎಷ್ಟು ನಕ್ಕಿದ್ರು! ಬಟಾಟಿ ಮ್ಯಾಲೆ ಹೆಂಡ್ತಿ ಹೆಸರು ಇಟ್ಟಾನ ಅಂತ. ತುಂಗಾ ವೇಫರ್ಸ್! ಈಗ ಸಾವನೇರ್ ಬಸ್ ಸ್ಟ್ಯಾಂಡಿನ ತನಕ ಅಂಗಡಿ ಅಂಗಡ್ಯಾಗ ನಿಮ್ಮ ಹೆಸರು ಜೋತಾಡ್ತದ. ವೇಫರ್ಸಿಗೆ ಹಾಕೋ ಉಪ್ಪಿನ ಪುಡಿ ನೀವ ಮಡಿಲೆ ಮಾಡ್ತೀರಿ, ನಾಲಿಗಿಗೆ ಹಚ್ಚಂಗಿಲ್ಲ. ಕಾರಖಾನಿ ವೇಫರ್ಸ್ ಅಂತೂ ಮುಟ್ಟಂಗೇ ಇಲ್ಲ. ಅದಕ್ಕ ಅಣ್ಣ ಒಂದು ಪದ್ಧತಿ ಹಾಕಿದ. ಮನ್ಯಾವರೊಬ್ಬರು ರುಚಿ ನೋಡಿ ‘ಹೂಂ’ ಅನ್ನೋತನಕ ಪ್ಯಾಕೆಟ್ ಸೀಲ್ ಮಾಡಂಗಿಲ್ಲ! ಮೊದಲ ಅಂವ ನೋಡತಿದ್ದ, ಅಂವ ಹೋದ ಮ್ಯಾಲೆ ನಾನು. ಈ ಮಧುಸೂದನನ ನಾಲಿಗಿ ಒಂದು ದಿನಾನೂ ತಪ್ಪಿಲ್ಲ, ತಿಳೀತಿಲ್ಲೋ?

ಯಾಕ ನಗ್ತೀರಿ?

ಹಾಂ, ಬರೋಬರ್. ವಾಪಸ್ ಬಂದ ಡಬ್ಬಿಗಳಿಗೂ ನಾನ ‘ಹೂಂ’ ಅಂದಿದ್ದೆ. ಅದನ್ನ ಹೇಳ್ಲಿಕತ್ತೀನಿ! ನಾ ರುಚಿ ನೋಡಿ ಬಂದ ಮ್ಯಾಲೆ ಅಂವ ಏನೋ ಕಿತಾಪತಿ ಮಾಡ್ಯಾನ. ಯಾವುದೋ ದೊಡ್ಡ ಕಂಪನಿಯವರು ಅವನ್ನ ಬುಟ್ಟಿಗೆ ಹಾಕ್ಕೊಂಡಾರ. ಮೊನ್ನೆ ನಾ ಕಾರಖಾನಿ ಒಳಗ ಬಂದ ಕೂಡ್ಲೆ ಗಡಬಡಿಸಿ ಫೋನ್ ಇಟ್ಟ. ಯಾರ ಜೋಡಿ ಮಾತಾಡ್ತಿದ್ದ ಅಂತೀನಿ... ಏನು? ನಿಮ್ಮ ಎದಿ ಯಾಕ ಮುಟ್ಟಿ ತೋರಸ್ತೀರಿ? ನಿಮ್ಮ ಜೋಡಿನಾ? ನಿಮಗ್ಯಾಕ ಫೋನ್ ಮಾಡಿದ್ದ ಅಂವ? ನನ್ನ ಮ್ಯಾಲೆ ಚಾಡಿ ಹೇಳಿದ್ನೇನು?

ಆತು, ಆತು, ಪ್ಲೇಟ್ ಸರಿಸಬ್ಯಾಡ್ರಿ, ತಿಂತೀನಿ.

...ಹೂಂ. ಇದು ನಮ್ಮದು, ಪಕ್ಕಾ. ಉಪ್ಪು ಹದಾ ಅಂದ್ರ ಹದಾ. ಇನ್ನ ಇದು... ಥೂ! ಇದು ಆ ಅಭಿಜಿತ್‌ಂದು. ಉಪ್ಪು ಸುರುವ್ಯಾನ ಮಗ! ನೋಡ್ರಿ, ಸಿಕ್ಕಿಬಿದ್ದನಲ್ಲ? ಹಾಕ್ರಿ ಸಹಿ.

...ವೈನಿ? ಪೆನ್ನಿನ ಟೊಪ್ಪಿಗಿ ಯಾಕ ಹಾಕಿದ್ರಿ? ಈ ಉಪ್ಪಿನ ಪುಡಿ ಡಬ್ಬಿ ಯಾಕ ನನ್ನ ಮುಂದ ತಂದಿಟ್ರಿ? ಇದರ ಬಾಯಿಗೆ ಕಟ್ಟಿದ ದಾರಾನ ಇನ್ನೂ ಬಿಚ್ಚಿಲ್ಲಲ್ಲ... ಅಂದ್ರ... ಎರಡೂ ನೀವ ಈಗ ಒಳಗ ಕರದದ್ದಾ? ಎರಡಕ್ಕೂ... ಉಪ್ಪೇ ಹಾಕಿಲ್ಲೇನು?

ಹಂಗ ನೋಡಬ್ಯಾಡ್ರಿ. ಬೈರಿ ಬೇಕಾದ್ರ, ಆದ್ರ ಹಂಗ ನೋಡಬ್ಯಾಡ್ರಿ.

...ಮಳಿಗಾಲದಾಗ ಆ ಜ್ವರ ಬಂದು ಹೋತಲ್ಲ. ಆವಾಗಿಂದ. ನನ್ನ ನಾಲಿಗಿಗೆ ಸಾರೂ ಒಂದ, ನೀರೂ ಒಂದ. ಹೇಳಿದ್ರ ಅಣ್ಣನ ಜಾಗಾ ಹೋಗ್ತದಲ್ಲ ಅಂತ ಅಂಜಿಕಿ ಬಂತು ವೈನಿ, ಭಾಳ ಅಂಜಿಕಿ. ಅಭಿಜಿತ್ ಪಾಪ ದಿನಾ ಕೇಳತಿದ್ದ, “ನಮಕ್ ಠೀಕ್ ಹೈ, ಸಾಹೇಬ್?” ಅಂತ. ನಾ ಒಂದಿನ ಉಪ್ಪು ಹೆಚ್ಚು ಹಾಕು ಅಂತಿದ್ದೆ, ಒಂದಿನ ಕಡಿಮಿ... ಬರೇ ಅಂದಾಜು.

ಕೊಡ್ರಿ ಆ ಚೀಟಿ. ನಾನ ಹರೀತೀನಿ.

ವೈನಿ... ಒಂದು ಹೇಳ್ರಿ. ದಿನಾ ನಿಮ್ಮ ಕೈಯಾಗಿನ ಸಾರು ಉಂಡು, ಛಲೋ ಆಗೇದ, ಛಲೋ ಆಗೇದ ಅಂತಿದ್ನಲ್ಲ... ನಿಮಗ ಯಾವತ್ತು ಗೊತ್ತಾತು?