ರಬ್ಬರ್ ಹಾಸಿನ ಕೆಳಗೆ

ಇದು ಕಟ್ಟುಕತೆಯಲ್ಲ. ನಮ್ಮ ಚಿಕ್ಕಮ್ಮನ ಮಗ ಸುಜಿತನಿಗೇ ಆದದ್ದು. ನಗುವವರು ಈಗಲೇ ನಕ್ಕುಬಿಡಿ...

ಆ ರಾತ್ರಿ ಸುಜಿತ್ ತಲ್ಲೂರಿನ ತನ್ನ ಜಿಮ್ಮಿಗೆ ಬೀಗ ಹಾಕಿ, ಆಲದಮರ ದಾಟಿ ಮನೆಗೆ ನಡೆಯುತ್ತಿದ್ದ. ಮನಸ್ಸು ಹಗುರವಾಗಿತ್ತು. ಪಕ್ಕದ ಬ್ಯೂಟಿ ಪಾರ್ಲರಿನ ಚಂದ್ರಮತಿಯಕ್ಕನದು ಒಂದೇ ದೂರು: ಇವನ ಹುಡುಗರು ಭಾರ ಎತ್ತಿ ಕೆಡವಿದರೆ ಅವಳ ಗೋಡೆ, ಕುರ್ಚಿ, ಹೊಟ್ಟೆಯೊಳಗೆಲ್ಲ ದುಮ್ಮ್ ಅನ್ನುತ್ತದೆ. ಹಾಗೆ ಕೈತಪ್ಪಿ ಒಬ್ಬ ಮದುಮಗಳ ಅರ್ಧ ಹುಬ್ಬೇ ಹೋಗಿತ್ತು. ಸದ್ದು ನಿಲ್ಲದಿದ್ದರೆ ಜಾಗ ಖಾಲಿ ಮಾಡು ಎಂದಿದ್ದರು ಕಟ್ಟಡದ ಯಜಮಾನರು. ಹೊಟ್ಟೆಪಾಡೇ ಅದು, ಸುಜಿತ್ ಎಲ್ಲಿಗೆ ಹೋಗಬೇಕು? ಅದಕ್ಕೇ ಆ ದಿನ ನೆಲಕ್ಕೆ ದಪ್ಪ ರಬ್ಬರ್ ಹಾಕಿ, ಮೇಲೆ ಹಲಗೆ, ಮತ್ತೆ ರಬ್ಬರ್ ಹಾಸಿದ್ದ. ಸದ್ದು ದಾಟದಂತೆ ಹಲಗೆಗೂ ಗೋಡೆಗೂ ನಡುವೆ ಸಂದು ಬಿಟ್ಟಿದ್ದ. ಮೂಲೆಯಲ್ಲಿ ನೆಲದಿಂದ ಎದ್ದಿದ್ದ ಹಳೇ ಪೈಪನ್ನು ಕತ್ತರಿಸಿ, ಬಾಯಿಗೆ ರಬ್ಬರ್ ತುರುಕಿ, ಅದರ ಮೇಲೂ ಹಾಸಿಬಿಟ್ಟಿದ್ದ.

ಫೋನ್ ಬಂತು. ಪಾರ್ಲರಿನಿಂದ ಚಂದ್ರಮತಿಯಕ್ಕ, ಪಿಸುದನಿಯಲ್ಲಿ.

“ಸುಜಿತಾ... ಒಳ್ಗೆ ಯಾರ್ ಇದ್ರ್?”

“ಯಾರೂ ಇಲ್ಲೆ ಅಕ್ಕ. ಬೀಗ ಹಾಕಿಯೇ ಬಂದೆ.”

“ಹಂಗಾರೆ ಗುದ್ದುದ್ ಯಾರ್ ಮಾರಾಯ?”

ಓಡಿದ. ಪಾರ್ಲರಿನ ಗೋಡೆಗೆ ಅಂಗೈ ಇಟ್ಟ. ದುಮ್ಮ್... ಕಿವಿಗಿಂತ ಮೊದಲು ಎದೆಗೆ ತಾಗಿತು. ಮತ್ತೆ... ದುಮ್ಮ್. ಕಬ್ಬಿಣ ಬಿದ್ದ ಸದ್ದಲ್ಲ. ಮುಚ್ಚಿದ ಬಾಗಿಲನ್ನು ಒಳಗಿನಿಂದ ಯಾರೋ ಗುದ್ದಿದ ಹಾಗೆ, ನೆಲದಡಿಯಿಂದ.

“ನಿನ್ನ ಜಿಮ್ಮಿನಡಿಗ್ ಒಂದ್ ಬಾವಿ ಇದ್ದಿತ್ ಕಾಣ್,” ಅಂದಳು ಅಕ್ಕ. “ಮಣ್ಣ್ ತುಂಬ್ಸಿ ಮುಚ್ಚಿದ್ರ್. ಉಸ್ರಾಡುಕೆ ಪೈಪ್ ಬಿಟ್ಟಿದ್ರಲ್ದಾ... ಅದ್ ಎಂತ ಮಾಡ್ದೆ?”

ಬಾವಿ ಮುಚ್ಚುವಾಗ ಅದರ ಉಸಿರಿಗೊಂದು ಪೈಪ್ ಬಿಡುವುದು ನಮ್ಮ ಕಡೆಯ ಕ್ರಮ. ಸುಜಿತ್ ಓಡಿಹೋಗಿ ಜಿಮ್ಮಿನ ಬೀಗ ತೆಗೆದ. ಯಾರೂ ಇಲ್ಲ. ಮೂಲೆಯ ರಬ್ಬರ್ ಮಾತ್ರ ಉಬ್ಬುತ್ತಿತ್ತು... ಇಳಿಯುತ್ತಿತ್ತು... ಸುಜಿತ್ ಹಾಸು ಕಿತ್ತು, ಹಲಗೆ ಎತ್ತಿ, ಪೈಪಿನ ಬಾಯಿ ಬಿಡಿಸಿದ.

ಹ್ಹಾ...

ತಣ್ಣನೆಯ ಗಾಳಿ ಮುಖಕ್ಕೆ ಬಂತು. ಗುದ್ದು ನಿಂತಿತು.

ಪೈಪಿನ ಸುತ್ತ ಜಾಗ ಬಿಟ್ಟು ಹಾಸು ಮತ್ತೆ ಕೂರಿಸಿದ. ಜಿಮ್ ಉಳಿಯಿತು. ಈಗ ಎಷ್ಟೇ ಭಾರ ಕೆಡವಿದರೂ ಪಾರ್ಲರಿನಲ್ಲಿ ದುಮ್ಮ್ ಇಲ್ಲ. ಆದರೆ ಇಲ್ಲಿ ಕಬ್ಬಿಣ ಬಿದ್ದು ಸ್ವಲ್ಪ ಹೊತ್ತಿಗೆ, ಗೋಡೆಯಾಚೆ ಚಂದ್ರಮತಿಯಕ್ಕನಿಗೆ ಸಣ್ಣಗೆ ಕೇಳುತ್ತದೆ... ಗುಳುಂ. ಆಳದ ನೀರಿಗೆ ಏನೋ ಬಿದ್ದ ಸದ್ದು.

ಮಣ್ಣು ತುಂಬಿಸಿದ ಬಾವಿ ಅದು. ನಾನೇ ಪಾರ್ಲರಿನ ಕುರ್ಚಿಯಲ್ಲಿ ಕೂತು ಕೇಳಿದ್ದೇನೆ.